ಹನ್ನೊಂದನೇ ನಡೆ

ನನಗೆ ಚೆಸ್ ಕಲಿಸಿದ್ದು ನಮ್ಮ ಮುತ್ಯಾ, ಅಂದರೆ ಅಜ್ಜ. ಚಿತ್ತಾಪುರ ತಾಲ್ಲೂಕಿನ ನಮ್ಮೂರ ಅಗಸಿ ಕಟ್ಟೆಯ ಮೇಲೆ, ಶಹಾಬಾದ್ ಕಲ್ಲಿನಲ್ಲಿ ಯಾರೋ ಉಳಿಯಿಂದ ಕೊರೆದ ಅರವತ್ನಾಲ್ಕು ಮನೆ ಇದ್ದವು. ಕಪ್ಪು ಬಿಳುಪು ಅಂತ ಬಣ್ಣ ಇರಲಿಲ್ಲ, ಬರೀ ಗೆರೆ. ಮುತ್ಯಾ ಅದನ್ನು ಚೆಸ್ ಅನ್ನುತ್ತಿರಲಿಲ್ಲ, ಶತರಂಜಿ ಅನ್ನುತ್ತಿದ್ದರು. ರಾಣಿ ಅವರಿಗೆ ವಜೀರ. ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಕ್ಯಾಸ್ಲಿಂಗ್, ಅಂದರೆ ರಾಜ ಆನೆಯ ಕಡೆಗೆ ಎರಡು ಮನೆ ಸರಿದು ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ, ಅನ್ನೋದು ಇಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು, ಅಲ್ಲಿಯವರೆಗೆ ಅವನಿಗೆ ಶಹ (ರಾಜನಿಗೇ ಬೀಳುವ ಏಟು, ಕಿಸ್ತ್ ಅಂತಲೂ ಅನ್ನುತ್ತಾರೆ) ಬಿದ್ದಿರಬಾರದು ಅಷ್ಟೇ. ಹೊರಗಿನ ಚೆಸ್ ನಾನು ಕಲಿತದ್ದು ಆಮೇಲೆ, ಕಲಬುರಗಿಗೆ ಕಾಲೇಜಿಗೆ ಬಂದಾಗ. ಆದರೆ ತಲೆಯೊಳಗೆ ಕುಳಿತಿದ್ದು ಆ ಕಲ್ಲಿನ ಹಾಸೇ.

ಈಗ ನನಗೆ ನಲವತ್ಮೂರು. ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ಮೂರು ನಿಮಿಷದ ಆಟ ಆಡುವುದು ಚಟ. ಹೋದ ವರ್ಷ ನಮ್ಮ ಓಣಿಯ ಗೆಳೆಯನೊಬ್ಬ, "ಬರೀ ಮೊಬೈಲ್‌ನಾಗ ಗೆದ್ರ ಏನಾತು? ಮೇನಾಗ ಇಲ್ಲೇ ರೇಟಿಂಗ್ ಟೂರ್ನಮೆಂಟ್ ಅದ. ಹೋಗಿ ಕೂಡು" ಅಂದ. ಅವನು ಬರಲಿಲ್ಲ. ನಾನು ಹೋದೆ.

ರೇಟಿಂಗ್ ಅಂದರೆ ಆಟಗಾರನ ಬಲ ಅಳೆಯುವ ಅಂಕಿ. ಅಲ್ಲಿಗೆ ಹೋಗುವುದೇ ಒಂದು ಕೆಲಸ. ಅಖಿಲ ಭಾರತ ಚೆಸ್ ಫೆಡರೇಷನ್ನಿನ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಹಣ. ವಿಶ್ವ ಸಂಸ್ಥೆ ಫಿಡೆಯ ಐಡಿ ಬೇಕು. ಟೂರ್ನಮೆಂಟಿಗೆ ಬೇರೆ ಪ್ರವೇಶ ಶುಲ್ಕ. ಹುಟ್ಟಿದ ದಿನಾಂಕ ತುಂಬುವಾಗ ವರ್ಷದ ಪಟ್ಟಿ ಕೆಳಕ್ಕೆ ಎಳೆದೂ ಎಳೆದೂ ಬೆರಳು ನೋಯಿತು. ಆ ಪಟ್ಟಿ ನನ್ನಂಥವರಿಗಾಗಿ ಮಾಡಿದ್ದಲ್ಲ ಅನ್ನಿಸಿತು.

ಎರಡು ತಿಂಗಳಿತ್ತು. ತಯಾರಿ ಅಂದರೆ ಓಪನಿಂಗ್, ಆಟದ ಆರಂಭದ ನಡೆಗಳು, ಅಂತಲೇ ನಾನು ತಿಳಿದಿದ್ದೆ. ಬಿಳಿ ಕಾಯಿಗೆ ನನ್ನ ಹಳೆಯ ಇ4 ಇತ್ತು (ಹಾಸಿನ ಮನೆಗಳನ್ನು ಎ ಯಿಂದ ಎಚ್ ಅಕ್ಷರ, 1ರಿಂದ 8 ಅಂಕಿ ಸೇರಿಸಿ ಕರೆಯುತ್ತಾರೆ). ಕಪ್ಪಿಗೆ ಏನಾದರೂ ಹೊಸದು ಬೇಕಿತ್ತು. ಹುಡುಕುವಾಗ ಮಹೇಶಚಂದ್ರ ಬ್ಯಾನರ್ಜಿ ಸಿಕ್ಕರು. ಕಲ್ಕತ್ತೆಯಲ್ಲಿ ಜಾನ್ ಕಾಕ್ರನ್ ಎಂಬ ಸ್ಕಾಟ್ಲೆಂಡ್ ಮೂಲದ ವಕೀಲನ ಜೊತೆ ಲೆಕ್ಕವಿಲ್ಲದಷ್ಟು ಆಟ ಆಡಿದ ಬಂಗಾಳಿ. ದೇಶಿ ಆಟದಿಂದ ಬಂದವರು. ಪ್ಯಾದೆ ಒಂದೊಂದೇ ಮನೆ ನಡೆಯುವ ಆಟದಲ್ಲಿ ನಡುವಿನ ಜಾಗಕ್ಕೆ ಓಡಿಹೋಗುವುದು ಆಗುವುದಿಲ್ಲ. ಅದಕ್ಕೆ ಓರೆ ನಡೆಯುವ ಒಂಟೆಯನ್ನು (ಬಿಷಪ್) ಮೂಲೆಯ ಹತ್ತಿರ ಕೂರಿಸಿ ದೂರದಿಂದ ಗುರಿ ಇಡುತ್ತಾರೆ. ನಮ್ಮ ಮುತ್ಯಾ ಕೂಡ ಹಾಗೇ ಆಡುತ್ತಿದ್ದರು. 1855ರಲ್ಲಿ ಮಹೇಶಚಂದ್ರರು ಕಪ್ಪು ಕಾಯಿಯಲ್ಲಿ ಆಡಿದ್ದು ಹೀಗೆ: ಡಿ4ಕ್ಕೆ ಕುದುರೆ ಎಫ್6, ಸಿ4ಕ್ಕೆ ಜಿ6, ಕುದುರೆ ಸಿ3ಕ್ಕೆ ಡಿ5. ಇದೇ ಆರಂಭವನ್ನು 1922ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ಗ್ರೂನ್‌ಫೆಲ್ಡ್ ಆಡಿ, ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್‌ರಂಥವರನ್ನು ಸೋಲಿಸಿದರು. ಹೆಸರು ಅವರದ್ದಾಯಿತು, ಗ್ರೂನ್‌ಫೆಲ್ಡ್ ಡಿಫೆನ್ಸ್. ನನಗೆ ಇದು ಮಹೇಶಚಂದ್ರರದ್ದೇ. ಅಗಸಿ ಕಟ್ಟೆಯ ಆಟ ವಿಯೆನ್ನಾ ಸುತ್ತಿ ವಾಪಸ್ ಬಂದಂತೆ ಕಂಡಿತು. ಆ ಖುಷಿಗೇ ಇದನ್ನು ಆರಿಸಿಕೊಂಡೆ. ಓಪನಿಂಗ್ ಆರಿಸಲು ಇದು ಸರಿಯಾದ ಕಾರಣ ಅಲ್ಲ, ಗೊತ್ತು. ಮಹೇಶಚಂದ್ರರು ಆ ಆಟ ಸೋತಿದ್ದರು ಅನ್ನೋದೂ ಗೊತ್ತಿತ್ತು.

ಗ್ರೂನ್‌ಫೆಲ್ಡ್‌ನ ಹಂಚಿಕೆ ಸರಳ. ಬಿಳಿಯವನು ನಡುವೆ ದೊಡ್ಡ ಮನೆ ಕಟ್ಟಲಿ ಅಂತ ಬಿಡುತ್ತೀರಿ. ಆಮೇಲೆ ಜಿ7ರ ಒಂಟೆ, ಸಿ5ರ ಪ್ಯಾದೆ, ಸಿ6ರ ಕುದುರೆ ಮೂರೂ ಸೇರಿ ಆ ಮನೆಯ ಡಿ4 ಕಂಬವನ್ನು ಅಲ್ಲಾಡಿಸುತ್ತವೆ. ಮಿಲ್ಲಿನ ಹಳೆಯ ಡೈರಿಯೊಂದರಲ್ಲಿ ಸಾಲುಗಳನ್ನು ಬರೆದುಕೊಂಡೆ. ಏಳನೇ ನಡೆಗೆ ಬಿಳಿಯವನು ಒಂಟೆ ಸಿ4 ಆಡುತ್ತಾನೆ, ನಾನು ಸಿ5. ಅವನು ಕುದುರೆ ಇ2, ನಾನು ಕುದುರೆ ಸಿ6. ಹೀಗೆ ಹದಿನೈದು ನಡೆ ಬಾಯಿಪಾಠ. ಮಗಳು ಮಗ್ಗಿ ಒಪ್ಪಿಸುವ ಹಾಗೆ ಸ್ಕೂಟರಿನ ಮೇಲೆ ಹೋಗುವಾಗಲೂ ಹೇಳಿಕೊಳ್ಳುತ್ತಿದ್ದೆ.

ಟೂರ್ನಮೆಂಟ್ ನಡೆದದ್ದು ಒಂದು ಫಂಕ್ಷನ್ ಹಾಲಿನಲ್ಲಿ. ನಾಲ್ಕು ದಿನ, ಎಂಟು ಸುತ್ತು. ಮದುವೆಯ ಊಟದ ಟೇಬಲ್‌ಗಳ ಮೇಲೆ ಬೋರ್ಡು, ಗಡಿಯಾರ. ಗೋಡೆಗುಂಟ ಕೂಲರ್‌ಗಳು. ಅವುಗಳ ಸದ್ದಿಗೆ ಮೊದಲ ಹತ್ತು ನಿಮಿಷ ತಲೆ ಹಿಡಿಯಿತು, ಆಮೇಲೆ ಕರೆಂಟ್ ಹೋದಾಗ ಆ ಸದ್ದೇ ಬೇಕು ಅನ್ನಿಸಿತು. ಮೊಬೈಲು ಬಾಗಿಲಲ್ಲೇ ಕೊಟ್ಟುಬಿಡಬೇಕು, ಒಳಗೆ ರಿಂಗ್ ಆದರೆ ಆಟ ಸೋತಂತೆ. ಸೋಲಾಪುರ, ಲಾತೂರ್, ರಾಯಚೂರು, ಹೈದರಾಬಾದಿನಿಂದಲೂ ಮಕ್ಕಳು ಬಂದಿದ್ದರು. ಹೌದು, ಬಹುತೇಕ ಮಕ್ಕಳೇ. ಹೊರಗೆ ಬೇವಿನ ಮರದ ಕೆಳಗೆ ತಂದೆ ತಾಯಂದಿರು, ನೀರಿನ ಜಗ್ಗು, ರೊಟ್ಟಿ ಗಂಟು. "ನಿಮ್ಮ ಮಗ ಯಾವ ಬೋರ್ಡ್‌ರಿ?" ಅಂತ ಒಬ್ಬರು ನನ್ನನ್ನು ಕೇಳಿದರು. "ನಾನೇ ಆಡೋದ್ರಿ" ಅಂದೆ. ಪಾಪ, ಅವರಿಗೇ ನಾಚಿಕೆಯಾಯಿತು.

ಇದು ಸ್ವಿಸ್ ಪದ್ಧತಿ. ಸೋತವರು ಮನೆಗೆ ಹೋಗುವುದಿಲ್ಲ, ತಮ್ಮಷ್ಟೇ ಅಂಕ ಇರುವವರ ಜೊತೆ ಮುಂದಿನ ಸುತ್ತು ಆಡುತ್ತಾರೆ. ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲಿನ ಅರ್ಧ, ಕೆಳಗಿನ ಅರ್ಧದ ಜೊತೆ. ನನಗೆ ರೇಟಿಂಗೇ ಇಲ್ಲ, ಹಾಗಾಗಿ ತಳದಲ್ಲಿದ್ದೆ. ಸಿಕ್ಕವರು ಬಲವಾದ ಆಟಗಾರರು, ಒಂದೂವರೆ ಗಂಟೆಯಲ್ಲಿ ಮುಗಿಯಿತು. ಎರಡನೇ ಸುತ್ತಿನಲ್ಲಿ ನನ್ನಂತೆಯೇ ರೇಟಿಂಗ್ ಇಲ್ಲದ ಹುಡುಗ. ಗೆದ್ದೆ. ಅವನು ಅತ್ತ. ಗೆದ್ದ ಸಂತೋಷ ಅಲ್ಲೇ ಇಂಗಿಹೋಯಿತು.

ಮೂರನೇ ಸುತ್ತು ಮರುದಿನ ಬೆಳಿಗ್ಗೆ. ಎದುರಿಗೆ ಸೋಲಾಪುರದ ಹುಡುಗ, ವಯಸ್ಸು ಹದಿಮೂರು, ರೇಟಿಂಗ್ 1600ರ ಮೇಲೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕೈ ಕುಲುಕಿ "ನಮಸ್ಕಾರ ಕಾಕಾ" ಅಂದ. ಅವನದು ಬಿಳಿ, ನನ್ನದು ಕಪ್ಪು. ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸೇರುತ್ತದೆ. ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಮೊಬೈಲಿನಲ್ಲಿ ಬೆಳೆದ ಬೆರಳಿಗೆ ಇದೊಂದು ಶಿಕ್ಷೆ. ನನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದೆ.

ಡಿ4, ಕುದುರೆ ಎಫ್6. ಸಿ4, ಜಿ6. ಕುದುರೆ ಸಿ3, ಡಿ5. ಅವನು ಡಿ5ರ ಪ್ಯಾದೆ ಹೊಡೆದ, ನಾನು ಕುದುರೆಯಿಂದ ಹೊಡೆದೆ. ಇ4. ನಾನು ಸಿ3ರ ಕುದುರೆ ಹೊಡೆದೆ, ಅವನು ಬಿ ಪ್ಯಾದೆಯಿಂದ ತೆಗೆದ. ನಾನು ಒಂಟೆ ಜಿ7. ಇಷ್ಟೂ ಡೈರಿಯಲ್ಲಿದ್ದಂತೆಯೇ. ಎದೆ ಹಗುರಾಗಿತ್ತು. ಏಳನೇ ನಡೆಗೆ ಒಂಟೆ ಸಿ4 ಬರಬೇಕು. ಬರಲಿಲ್ಲ. ಅವನು ಕುದುರೆ ಎಫ್3 ಇಟ್ಟ. ಸರಿ, ಸಿ5. ಆಗ ಅವನು ಎ1ರ ಆನೆಯನ್ನು ಎತ್ತಿ ಪಕ್ಕದ ಬಿ1ಕ್ಕೆ ಇಟ್ಟ.

ಇದೇನು, ಸುಮ್ನೆ ಒಂದು ಮನೆ ಸರಿಸಿದ ಅಲ್ವಾ ಅನ್ನಿಸಿತು. ನನ್ನ ಪಾಠದಲ್ಲಿ ಎಂಟನೇ ನಡೆ ಕುದುರೆ ಸಿ6. ಒಂದು ನಿಮಿಷವೂ ತೆಗೆದುಕೊಳ್ಳದೆ ಕುದುರೆ ಸಿ6 ಇಟ್ಟು, ಗಡಿಯಾರ ಒತ್ತಿ, ಹಾಳೆಯಲ್ಲಿ ಚೆಂದಾಗಿ ಬರೆದೆ.

ಅವನು ಡಿ5 ನೂಕಿದ. ನನ್ನ ಕುದುರೆಗೆ ಏಟು.

ಆಗ ಆನೆ ಯಾಕೆ ಸರಿಯಿತು ಅಂತ ಹೊಳೆಯಿತು. ಆನೆ ಎ1ರಲ್ಲಿದ್ದರೆ ಡಿ5 ಆಡುವ ಹಾಗಿಲ್ಲ. ಡಿ4 ಖಾಲಿಯಾದ ಕೂಡಲೇ ನನ್ನ ಒಂಟೆ ಉದ್ದ ಗೆರೆಯಲ್ಲಿ ಹಾರಿ ಸಿ3 ಪ್ಯಾದೆ ಹೊಡೆದು ಶಹ ಕೊಡುತ್ತದೆ, ಅದರ ಹಿಂದೆಯೇ ಎ1ರ ಆನೆಯೂ ಹೋಗುತ್ತದೆ. ಆನೆ ಆ ಗೆರೆಯಿಂದ ಇಳಿದಿದೆ ಅಂದಮೇಲೆ ಸಿ3ರಲ್ಲಿ ಸಿಗುವುದು ಒಂದು ಪ್ಯಾದೆ ಮಾತ್ರ. ನಾನು ಮೊದಲು ಕ್ಯಾಸ್ಲಿಂಗ್ ಮಾಡಿ ರಾಜನನ್ನು ಒಳಗೆ ಹಾಕಬೇಕಿತ್ತು. ಎಲ್ಲರೂ ಆಡುವುದು ಅದನ್ನೇ. ನನ್ನ ಡೈರಿಯಲ್ಲಿ ಆನೆ ಬಿ1 ಎಂಬ ಸಾಲೇ ಇರಲಿಲ್ಲ.

ಹನ್ನೊಂದು ನಿಮಿಷ ಯೋಚಿಸಿದೆ. ಪ್ಯಾದೆಯಂತೂ ಸಿಗುತ್ತದಲ್ಲ ಅಂತ ಒಂಟೆಯಿಂದ ಸಿ3 ಹೊಡೆದು ಶಹ ಕೊಟ್ಟೆ. ಅವನು ಒಂಟೆ ಡಿ2 ಅಡ್ಡ ಇಟ್ಟ. ಒಂಟೆಗೆ ಒಂಟೆ ಹೋಯಿತು, ಅವನ ರಾಣಿ ಡಿ2ಕ್ಕೆ ಬಂದು ಕುಳಿತಳು. ಈಗ ಹನ್ನೊಂದನೇ ನಡೆ ನನ್ನದು. ಸಿ6ರ ಕುದುರೆ ಓಡಬೇಕು. ಲೆಕ್ಕಕ್ಕೆ ಹಿಡಿಯುವಂಥ ದಾರಿ ಎರಡೇ ಕಂಡವು, ಡಿ4 ಅಥವಾ ಎ5.

ಡಿ4 ನೋಡಿದೆ. ಅವನು ಕುದುರೆಯಿಂದ ಹೊಡೆಯುತ್ತಾನೆ, ನಾನು ಸಿ ಪ್ಯಾದೆಯಿಂದ ತೆಗೆಯುತ್ತೇನೆ, ಅವನ ರಾಣಿ ಡಿ4ಕ್ಕೆ ಬಂದು ಆ ಪ್ಯಾದೆ ತಿನ್ನುತ್ತಾಳೆ. ಅಲ್ಲಿಂದ ಉದ್ದ ಗೆರೆಯಲ್ಲಿ ಸೀದಾ ಎಚ್8ರ ನನ್ನ ಆನೆಗೆ ಏಟು. ಆನೆಗೆ ಏಟು ಬಿದ್ದ ಮೇಲೆ ಕ್ಯಾಸ್ಲಿಂಗ್ ಆಗುವುದಿಲ್ಲ. ಆನೆ ಜಿ8ಕ್ಕೆ ಸರಿಯಬೇಕು, ಅಲ್ಲಿಗೆ ರಾಜ ಹೊರಗೇ ಉಳಿದ. ಬೇಡ. ಇಪ್ಪತ್ತೇಳು ನಿಮಿಷ ಇದನ್ನೇ ತಿರುವಿ ಹಾಕಿದೆ. ಹಾಳೆಯಲ್ಲಿ ಆಗಾಗ ಉಳಿದ ಸಮಯ ಬರೆಯುತ್ತಿದ್ದೆ, ಹಾಗಾಗಿ ಲೆಕ್ಕ ಇದೆ. ಕೊನೆಗೆ ಕುದುರೆ ಎ5.

ಅವನು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಒಂಟೆ ಬಿ5, ಶಹ. ನಾನು ಒಂಟೆ ಡಿ7 ಅಡ್ಡ ಇಟ್ಟೆ. ಅವನು ಹೊಡೆದು ಮತ್ತೆ ಶಹ. ರಾಣಿಯಿಂದ ತೆಗೆಯಲು ಕೈ ಎತ್ತಿದವನು ನಿಂತೆ. ರಾಣಿ ಡಿ8 ಬಿಟ್ಟರೆ ಎ5ರ ಕುದುರೆಗೆ ಕಾವಲಿಲ್ಲ, ಡಿ2ರಲ್ಲಿ ಕುಳಿತ ಅವನ ರಾಣಿ ಪುಕ್ಕಟೆ ತಿನ್ನುತ್ತಾಳೆ. ಹಾಗಾಗಿ ರಾಜನಿಂದಲೇ ಹೊಡೆಯಬೇಕಾಯಿತು. ರಾಜ ಡಿ7ಕ್ಕೆ ಬಂದ. ಒಂದು ಪ್ಯಾದೆ ಜಾಸ್ತಿ ಇದೆ, ಆದರೆ ರಾಜ ನಡುಬೀದಿಯಲ್ಲಿ ಬನಿಯನ್ನಿನಲ್ಲಿ ನಿಂತ ಹಾಗೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಕುದುರೆ ಇ5 ಶಹ, ರಾಜ ಇ8. ರಾಣಿ ಸಿ3, ಎಫ್6. ಕುದುರೆ ಡಿ3, ಬಿ6. ಅವನು ಇ5 ನೂಕಿದ, ನಾನು ಹೊಡೆದೆ, ಅವನ ರಾಣಿ ತೆಗೆದಳು. ನನ್ನ ಆನೆ ಎಫ್8ಕ್ಕೆ ಹೋಯಿತು. ಅವನು ಆರಾಮಾಗಿ ಕ್ಯಾಸ್ಲಿಂಗ್ ಮಾಡಿಕೊಂಡ, ಅದನ್ನು ನೋಡಿ ಹೊಟ್ಟೆ ಉರಿಯಿತು. ನನ್ನ ಕುದುರೆ ಬಿ7, ಅವನ ಆನೆ ಇ1. ನನ್ನ ಆನೆ ಎಫ್7, ಅವನ ಕುದುರೆ ಎಫ್4. ನನ್ನ ಕುದುರೆ ಡಿ6, ಅವನ ಕುದುರೆ ಇ6, ನನ್ನ ರಾಣಿಗೆ ಏಟು. ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ರಾಣಿಯನ್ನು ಡಿ7ಕ್ಕೆ ಇಟ್ಟೆ. ಅದು ನನ್ನ ರಾಜ ಓಡಿಹೋಗಲು ಉಳಿದಿದ್ದ ಒಂದೇ ಬಾಗಿಲು. ಅವನ ರಾಣಿ ಎಚ್8ಕ್ಕೆ ಬಂದು ಶಹ ಕೊಟ್ಟಳು. ಆನೆ ಎಫ್8 ಅಡ್ಡ ಇಟ್ಟೆ, ಬೇರೆ ಏನೂ ಇರಲಿಲ್ಲ. ಇಪ್ಪತ್ನಾಲ್ಕನೇ ನಡೆಗೆ ರಾಣಿ ಆನೆಯನ್ನು ಹೊಡೆದಳು. ಮಾತ್, ಅಲ್ಲಿಗೆ ಆಟ ಮುಗಿಯಿತು. ನನ್ನ ರಾಜನ ಸುತ್ತ ನನ್ನದೇ ರಾಣಿ, ನನ್ನದೇ ಪ್ಯಾದೆ. 1855ರಲ್ಲಿ ಕಾಕ್ರನ್ ಕೂಡ ಮಹೇಶಚಂದ್ರರ ರಾಜನನ್ನು ಅವನದೇ ಕಾಯಿಗಳ ನಡುವೆ ಉಸಿರುಕಟ್ಟಿಸಿ ಕುದುರೆಯಿಂದ ಮುಗಿಸಿದ್ದ. ಆ ಒಂದು ವಿಷಯದಲ್ಲಿ ಮಾತ್ರ ನಾನು ಅವರ ಸಾಲಿಗೆ ಸೇರಿದೆ.

ಇಷ್ಟಾದರೆ ಸೋತ ಕಥೆ, ಹೇಳುವಂಥದ್ದೇನಿಲ್ಲ. ವಿಷಯ ಇರುವುದು ಆಮೇಲೆ.

ಆಟ ಮುಗಿದ ಮೇಲೆ ಇಬ್ಬರೂ ಪಕ್ಕದ ಕೋಣೆಯಲ್ಲಿ ಕುಳಿತು ಆಟವನ್ನು ಮತ್ತೆ ಬಿಡಿಸಿ ನೋಡುವುದು ರೂಢಿ. ಹುಡುಗ ಉತ್ಸಾಹದಿಂದ ಕಾಯಿ ಜೋಡಿಸಿದ. ಹನ್ನೊಂದನೇ ನಡೆಗೆ ಬಂದ ಕೂಡಲೇ ಕೇಳಿದ.

"ಕಾಕಾ, ಇಲ್ಲಿ ಕುದುರಿ ಡಿ4 ಯಾಕ ಹಾಕಲಿಲ್ರಿ? ನಾ ಅದಕ್ಕೇ ಅಂಜಿದ್ದೆ."

"ಹೆಂಗ ಹಾಕ್ಲಿ ತಮ್ಮಾ? ನಿನ್ನ ರಾಣಿ ಡಿ4ಕ್ಕ ಬಂದು ಆನೆಗೆ ಹೊಡೀತಾಳಲ್ಲ."

"ಬರ್ಲಿ ರೀ. ನೀವು ಕ್ಯಾಸ್ಲಿಂಗ್ ಮಾಡ್ತೀರಿ."

"ಆನಿ ಮ್ಯಾಲ ಏಟು ಅದ. ಕ್ಯಾಸ್ಲಿಂಗ್ ಹೆಂಗ ಆಗ್ತದ?"

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನಾ ಅಂತ ಪರೀಕ್ಷಿಸಿದ ಹಾಗಿತ್ತು. ಆಮೇಲೆ ಬಹಳ ಮೆತ್ತಗೆ, "ಆಗ್ತದ ಕಾಕಾ" ಅಂದ. ಆ ಮೆತ್ತಗಿನ ದನಿ ಇದೆಯಲ್ಲ, ಅದು ಮಾತ್‌ಗಿಂತ ಜಾಸ್ತಿ ನೋಯಿಸಿತು.

ನಾನು ಒಪ್ಪಲಿಲ್ಲ. ಅಲ್ಲೇ ಓಡಾಡುತ್ತಿದ್ದ ಆರ್ಬಿಟರ್‌ರನ್ನು, ಅಂದರೆ ಪಂದ್ಯದ ತೀರ್ಪುಗಾರರನ್ನು, ಕರೆದೆ. ಅವರು ಬೋರ್ಡ್ ಕೂಡ ನೋಡಲಿಲ್ಲ. "ಆಗ್ತದ್ರಿ ಸರ್. ರಾಜಗ ಶಹ ಇರಬಾರ್ದು. ರಾಜ ದಾಟೋ ಮನಿ ಮ್ಯಾಲ ಏಟು ಇರಬಾರ್ದು. ರಾಜ ಹೋಗಿ ಕೂಡೋ ಮನಿ ಮ್ಯಾಲೂ ಇರಬಾರ್ದು. ಆನಿಗೆ ಏಟಿದ್ರ ಇರ್ಲಿ, ಅದರದ್ದೇನೂ ಸಂಬಂಧ ಇಲ್ಲ." ಹೊರಡುವವರು ತಿರುಗಿ ಇನ್ನೊಂದು ಮಾತು ಸೇರಿಸಿದರು. "ಆಟದಾಗೇ ನನ್ನ ಕರೆದು ಕೇಳಬಹುದಿತ್ತಲ್ರಿ. ರೂಲ್ ಕೇಳೋ ಹಕ್ಕು ಆಟಗಾರರಿಗೆ ಅದ."

ಇಪ್ಪತ್ತೇಳು ನಿಮಿಷ ನಾನು ಇಲ್ಲದ ಒಂದು ನಿಯಮದ ಜೊತೆ ಕುಸ್ತಿ ಮಾಡಿದ್ದೆ. ಮೊಬೈಲಿನಲ್ಲಿ ಸಾವಿರಾರು ಆಟ ಆಡಿದ್ದೇನೆ. ಅದರಲ್ಲಿ ತಪ್ಪು ನಡೆಯನ್ನು ಅದೇ ತಡೆಯುತ್ತದೆ, ಆದರೆ ನಾವು ಆಗದು ಅಂದುಕೊಂಡು ಪ್ರಯತ್ನವೇ ಮಾಡದ ನಡೆಯನ್ನು ಅದು ಹೇಗೆ ಹೇಳೀತು? ಆನೆಗೆ ಏಟಿದ್ದಾಗಲೆಲ್ಲ ನಾನು ಕ್ಯಾಸ್ಲಿಂಗ್ ಕಡೆ ಬೆರಳೇ ಒಯ್ದಿರಲಿಲ್ಲ.

ರಾತ್ರಿ ಮನೆಗೆ ಬಂದು ಇದನ್ನೇ ಹುಡುಕಿದಾಗ ಸ್ವಲ್ಪ ಸಮಾಧಾನ ಸಿಕ್ಕಿತು. 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ವಿರುದ್ಧ, ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಫೈನಲ್ ಆಡುತ್ತಿದ್ದ ವಿಕ್ಟರ್ ಕೊರ್ಚ್‌ನಾಯ್, ಇಪ್ಪತ್ತೊಂದನೇ ಆಟದಲ್ಲಿ ಎದ್ದು ಹೋಗಿ ಆರ್ಬಿಟರ್‌ರನ್ನು ಇದೇ ಪ್ರಶ್ನೆ ಕೇಳಿದ್ದರಂತೆ. ಆನೆಗೆ ಏಟಿದೆ, ಕ್ಯಾಸ್ಲಿಂಗ್ ಮಾಡಬಹುದಾ? ವಿಶ್ವ ಚಾಂಪಿಯನ್ ಪಟ್ಟದ ಬಾಗಿಲಲ್ಲಿ ನಿಂತ ಗ್ರ್ಯಾಂಡ್‌ಮಾಸ್ಟರ್! ಹೂಂ ಅನ್ನಿಸಿಕೊಂಡರು, ಕ್ಯಾಸ್ಲಿಂಗ್ ಮಾಡಿದರು, ಆಟ ಗೆದ್ದರು. ಹೆಂಡತಿಗೆ ಓದಿ ಹೇಳಿದೆ. "ಅವರು ಕೇಳಿದ್ರು, ನೀವು ಕೇಳಲಿಲ್ಲ" ಅಂದಳು. ಬಿಸಿ ರೊಟ್ಟಿ ಹಾಕಿ ಒಳಗೆ ಹೋದಳು.

ಉಳಿದ ಐದು ಸುತ್ತು ಹೇಗೋ ಆಡಿದೆ. ಗ್ರೂನ್‌ಫೆಲ್ಡ್ ಇನ್ನೊಂದು ಸಲ ಬಂತು, ಡ್ರಾ ಆಯಿತು. ಒಂದು ಆಟದಲ್ಲಿ ಕಣ್ಣೆದುರಿನ ಆನೆ ಬಿಟ್ಟೆ. ಮತ್ತೊಂದರಲ್ಲಿ ಎದುರಾಳಿ ಬಿಟ್ಟ. ಒಟ್ಟು ಎಂಟಕ್ಕೆ ಮೂರೂವರೆ. ರೇಟಿಂಗ್ ಇರುವವರ ಜೊತೆ ಐದು ಆಟ ಆಗಿದ್ದರಿಂದ ನನಗೂ ಒಂದು ಸಂಖ್ಯೆ ಹುಟ್ಟುತ್ತದೆ ಅಂದರು. ಲೆಕ್ಕದವನಲ್ಲವಾ, ಕೂತು ಹಾಕಿದೆ. ಆ ಐವರ ಸರಾಸರಿ 1520, ನನ್ನ ಗಳಿಕೆ ಒಂದೂವರೆ. 2024ರ ಮಾರ್ಚ್‌ನಿಂದ ಫಿಡೆ ಇನ್ನೊಂದು ಸೇರಿಸುತ್ತದೆ. 1800 ರೇಟಿಂಗಿನ ಇಬ್ಬರು ಇಲ್ಲದ ಆಟಗಾರರ ಜೊತೆ ಡ್ರಾ ಮಾಡಿದ ಹಾಗೆ ಲೆಕ್ಕ ಹಿಡಿಯುತ್ತದೆ. ಅಲ್ಲಿಗೆ ಸರಾಸರಿ 1600, ಏಳಕ್ಕೆ ಎರಡೂವರೆ ಅಂಕ, ಅದಕ್ಕೆ ಫಿಡೆಯ ಪಟ್ಟಿಯಲ್ಲಿರುವ 102 ಕಳೆದರೆ 1498. ಇಲ್ಲದ ಆಟಗಾರರು ಇಲ್ಲದ ನಿಯಮದಷ್ಟು ಕೆಟ್ಟವರಲ್ಲ ಅಂದುಕೊಂಡೆ.

ಆದರೂ ಒಂದು ತಲೆಯಲ್ಲಿ ಕೊರೆಯುತ್ತಿತ್ತು. ಈ ತಪ್ಪು ಎಲ್ಲಿಂದ ಬಂತು? ಮುತ್ಯಾ ಅಲ್ಲದೆ ಇನ್ಯಾರು? ಅಗಸಿ ಕಟ್ಟೆಯ ಯಾವುದೋ ನಿಯಮ ಇದರೊಳಗೆ ಬೆರೆತಿರಬೇಕು ಅಂತ ಖಾತ್ರಿ ಮಾಡಿಕೊಂಡೆ. ಮುತ್ಯಾ ಈಗಿಲ್ಲ. ಅವರ ಜೊತೆ ಆಡುತ್ತಿದ್ದ ನಮ್ಮ ಕಾಕಾ ಊರಲ್ಲೇ ಇದ್ದಾರೆ. ಭಾನುವಾರ ಫೋನ್ ಮಾಡಿದೆ.

"ಮುತ್ಯಾ ಹಂಗ ಹೇಳಿಕೊಟ್ಟಿದ್ರಲ್ಲ ಕಾಕಾ, ಏಟು ಬಿದ್ರ ರಾಜ ಜಿಗಿಯಂಗಿಲ್ಲ ಅಂತ?"

"ಹೌದು. ರಾಜಗ ಕಿಸ್ತ್ ಬಿದ್ರ ಜಿಗಿಯಂಗಿಲ್ಲ."

"ಆನಿಗೆ ಬಿದ್ರ?"

"ಆನಿಗೂ ರಾಜನ ಜಿಗಿತಕ್ಕೂ ಏನ್ ಸಂಬಂಧೋ? ನಮ್ಮಪ್ಪ ಅಂಥಾದ್ದು ಹೇಳೇ ಇಲ್ಲ. ನೀ ಸಣ್ಣಾವಿದ್ದಾಗ ಆನಿ ಹೋದ್ರ ಅಳ್ತಿದ್ದಿ. ಆನಿ ಮ್ಯಾಲ ಏಟು ಬಿತ್ತಂದ್ರ ಬ್ಯಾರೆ ಏನೂ ಕಾಣ್ತಿದ್ದಿಲ್ಲ ನಿನಗ. ನೀನೇ ಸೇರಿಸಿಕೊಂಡಿರ್ತಿ."

ನಾನು ಸುಮ್ಮನಿದ್ದೆ.

"ಆ ಹುಡುಗ ಯಾರ ಪೈಕಿ ಅಂದಿ?"

"ಸೋಲಾಪುರದಾವ ಕಾಕಾ."

"ಹೂಂ. ಮತ್ತ ಮಿಲ್ಲಿನಾಗ ತೊಗರಿ ಎಷ್ಟಕ್ಕ ತಗೋಳ್ಳಾಕತ್ಯಾರ? ನನ್ನವು ಇನ್ನ ಎಂಟು ಚೀಲ ಹಂಗೇ ಅವ."